ಕಿಟಕಿಯ ಚಿಲಕಕ್ಕೆ ಕೈ ಎಟುಕುತ್ತಾ? ಮಲಗುವ ಕೋಣೆಯಲ್ಲಿ ಮಂಚ, ಬೀರು ಎಲ್ಲಿಡಬೇಕು

ಪ್ರಶ್ನೆ: ಯುಗಾದಿ ಹೊತ್ತಿಗೆ ಬೆಂಗಳೂರಿನಲ್ಲಿ ಒಂದು ಬಾಡಿಗೆ ಫ್ಲ್ಯಾಟಿಗೆ ಬಂದೆವು. ಮೂರನೇ ಮಹಡಿ, ಮೂಲೆ ಮನೆ. ಮಲಗುವ ಕೋಣೆ ಪೂರ್ವ-ಪಶ್ಚಿಮ 11 ಅಡಿ, ಉತ್ತರ-ದಕ್ಷಿಣ 12 ಅಡಿ. ಪಶ್ಚಿಮದ ಗೋಡೆಯ ನಟ್ಟನಡುವೆ 5 ಅಡಿಯ ಕಿಟಕಿ ಇದೆ. ದಕ್ಷಿಣದ ಗೋಡೆಯಲ್ಲಿ, ಪಶ್ಚಿಮದ ಮೂಲೆಯಿಂದ ಒಂದೂವರೆ ಅಡಿ ಬಿಟ್ಟು, 4 ಅಡಿಯ ಇನ್ನೊಂದು ಕಿಟಕಿ. ಕೋಣೆಯ ಬಾಗಿಲು ಪೂರ್ವದ ಗೋಡೆಯ ಉತ್ತರದ ತುದಿಯಲ್ಲಿ, ಬಾತ್‌ರೂಮಿನ ಬಾಗಿಲು ಉತ್ತರದ ಗೋಡೆಯ ಪೂರ್ವದ ತುದಿಯಲ್ಲಿ. ಕ್ವೀನ್ ಸೈಜಿನ ಬಾಕ್ಸ್ ಮಂಚ, 6 ಅಡಿ ಅಗಲದ ನಾಲ್ಕು ಬಾಗಿಲ ಬೀರು, 4 ಅಡಿಯ ಟೇಬಲ್ಲು, ಒಂದು ನಿಲುವುಗನ್ನಡಿ ಇಷ್ಟು ಸಾಮಾನು. ಇಂಟರ್ನೆಟ್ಟಿನ ಫೋಟೋ ನೋಡಿ ಮಂಚವನ್ನು ಪಶ್ಚಿಮದ ಕಿಟಕಿಯ ಕೆಳಗೆ ಹಾಕಿದೆವು. ಟೇಬಲ್ಲು ಆಗ್ನೇಯ ಮೂಲೆಗೆ ಹೋಯಿತು. ಅದರ ಪಕ್ಕಕ್ಕೆ ಬಂದ ಬೀರು ದಕ್ಷಿಣದ ಕಿಟಕಿಯನ್ನು ಅರ್ಧಕ್ಕಿಂತ ಜಾಸ್ತಿ ಮುಚ್ಚಿದೆ. ಬೀರಿನ ಬಾಗಿಲು ತೆಗೆದರೆ ಮಂಚಕ್ಕೆ ಬಡಿಯುತ್ತದೆ. ಏಪ್ರಿಲ್‌ನಲ್ಲಿ ರಾತ್ರಿ ಹನ್ನೊಂದಾದರೂ ಸೆಕೆ ತಡೆಯಲಾಗಲಿಲ್ಲ. ಈಗ ಮಳೆ ಶುರುವಾಗಿ ದಿಂಬು ನೆನೆಯುತ್ತಿದೆ. ನಾಲ್ಕು ವರ್ಷದ ಮಗ ಹೆಡ್‌ಬೋರ್ಡ್ ಹತ್ತಿ ಗ್ರಿಲ್ ಹಿಡಿದು ನಿಲ್ಲುತ್ತಾನೆ. ನಮ್ಮ ಅತ್ತೆ ದಕ್ಷಿಣಕ್ಕೆ ತಲೆ ಬರಲಿ ಅನ್ನುತ್ತಾರೆ, ನಮ್ಮ ಮನೆಯವರು ಕಿಟಕಿ ಪಕ್ಕವೇ ಚೆಂದ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ಒಂದು ಮೆಚ್ಚುಗೆ. ಬಾಗಿಲು ಯಾವ ತುದಿಯಲ್ಲಿದೆ, ಕಿಟಕಿ ಮೂಲೆಯಿಂದ ಎಷ್ಟು ದೂರ ಎಂದೆಲ್ಲ ಅಳೆದು ಬರೆದಿದ್ದೀರಿ. ನನಗೆ ಬರುವ ಹೆಚ್ಚಿನ ಪತ್ರಗಳಲ್ಲಿ ‘ಕೋಣೆ ಸಣ್ಣದು, ಏನಾದರೂ ಐಡಿಯಾ ಕೊಡಿ’ ಎಂದಷ್ಟೇ ಇರುತ್ತದೆ. ನಿಮ್ಮ ಅಳತೆ ಇಟ್ಟುಕೊಂಡು ಹಾಳೆಯ ಮೇಲೆ ಕೋಣೆ ಬರೆದೆ. ಹತ್ತು ನಿಮಿಷದಲ್ಲಿ ಒಂದು ವಿಷಯ ಸ್ಪಷ್ಟವಾಯಿತು. ನಿಮ್ಮ ಕೋಣೆ ಸಣ್ಣದಲ್ಲ, ಸೆಕೆಯ ಕೋಣೆಯೂ ಅಲ್ಲ. ಎರಡು ಕಿಟಕಿ ಇದ್ದೂ ಎರಡನ್ನೂ ಕಳೆದುಕೊಂಡು ಕೂತಿದ್ದೀರಿ, ಅಷ್ಟೇ.

ಸಾಮಾನು ಜೋಡಿಸುವಾಗ ನಾನು ಮೊದಲು ನೋಡುವುದು ಚಂದವನ್ನಲ್ಲ, ಕಿಟಕಿಯ ಚಿಲಕವನ್ನು. ರಾತ್ರಿ ಲೈಟ್ ಹಾಕದೆ, ಏನನ್ನೂ ಹತ್ತದೆ, ಯಾರನ್ನೂ ದಾಟದೆ ಪ್ರತಿ ಕಿಟಕಿಯ ಹತ್ತಿರ ಹೋಗಿ ಚಿಲಕಕ್ಕೆ ಕೈ ಹಾಕಲು ಆಗಬೇಕು. ಆಗದಿದ್ದರೆ ಆ ಕಿಟಕಿ ಒಂದೋ ಯಾವಾಗಲೂ ಮುಚ್ಚಿರುತ್ತದೆ, ಇಲ್ಲಾ ಯಾವಾಗಲೂ ತೆರೆದಿರುತ್ತದೆ. ನಿಮ್ಮ ಮನೆಯಲ್ಲಿ ಎರಡೂ ಆಗಿದೆ ನೋಡಿ. ದಕ್ಷಿಣದ್ದು ಬೀರಿನ ಹಿಂದೆ ಸೇರಿ ಮುಚ್ಚಿಹೋಗಿದೆ. ಪಶ್ಚಿಮದ್ದನ್ನು ಮುಚ್ಚಬೇಕೆಂದರೆ ಹಾಸಿಗೆಯ ಮೇಲೆ ಮಂಡಿಯೂರಿ, ಹೆಡ್‌ಬೋರ್ಡ್ ಮೇಲಿಂದ ಬಗ್ಗಬೇಕು. ನಡುರಾತ್ರಿ ಮಳೆ ಬಂದರೆ ಅದನ್ನು ಯಾರು ಮಾಡುತ್ತಾರೆ? ದಿಂಬು ನೆನೆದ ಮೇಲೇ ಎಚ್ಚರ.

ಬೀರಿನ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಆ ಪಶ್ಚಿಮದ ಗೋಡೆ.

ಒಂದು ದಿನ ರಾತ್ರಿ ಎಂಟು ಗಂಟೆಗೆ ಆ ಗೋಡೆಯ ಮೇಲೆ ಅಂಗೈ ಇಡಿ. ಆಮೇಲೆ ಪೂರ್ವದ ಗೋಡೆಯ ಮೇಲೆ ಇಡಿ. ಬೇಸಿಗೆಯಾದರೆ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಇಟ್ಟಿಗೆಯ ಗೋಡೆ, ಕಾಂಕ್ರೀಟ್ ಬ್ಲಾಕಿನ ಗೋಡೆ ಮಧ್ಯಾಹ್ನದ ಬಿಸಿಲನ್ನು ಒಮ್ಮೆಲೇ ಒಳಗೆ ಬಿಡುವುದಿಲ್ಲ. ಕುಡಿದು ಇಟ್ಟುಕೊಂಡು, ಗಂಟೆಗಟ್ಟಲೆ ತಡ ಮಾಡಿ, ನಿಧಾನಕ್ಕೆ ಒಳಗೆ ಬಿಡುತ್ತದೆ. 9 ಇಂಚಿನ ಇಟ್ಟಿಗೆ ಗೋಡೆಯಲ್ಲಿ ಈ ತಡ ಆರೇಳು ಗಂಟೆಯಷ್ಟು ಇರುತ್ತದೆ. ಅಂದರೆ ಮಧ್ಯಾಹ್ನ ಮೂರರ ಬಿಸಿಲಿನ ಕಾವು ಕೋಣೆಗೆ ಬಂದು ಮುಟ್ಟುವುದು ರಾತ್ರಿ ಒಂಬತ್ತು-ಹತ್ತಕ್ಕೆ. ಸರಿಯಾಗಿ ನೀವು ಮಲಗುವ ಹೊತ್ತಿಗೆ. ತಲೆ ಆ ಗೋಡೆಗೆ ಆನಿಕೊಂಡಿದ್ದರೆ ಫ್ಯಾನು ಐದರಲ್ಲಿ ತಿರುಗಿದರೂ ಏನು ಪ್ರಯೋಜನ?

ಇನ್ನು ಕಿಟಕಿಯಿಂದ ನೇರವಾಗಿ ಬರುವ ಬಿಸಿಲು. ದಕ್ಷಿಣದ ಕಿಟಕಿ ಪಾಪದ್ದು. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಆ ತಿಂಗಳುಗಳಲ್ಲಿ ದಕ್ಷಿಣದ ಕಿಟಕಿಗೆ ಮಧ್ಯಾಹ್ನ ಬಿಸಿಲೇ ಇಲ್ಲ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ಜಾರಿದರೂ ಮಧ್ಯಾಹ್ನ 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಕಿಟಕಿಯ ಮೇಲೆ ಹೊರಗೆ ಚಾಚಿದ 2 ಅಡಿಯ ಸಜ್ಜೆ ಇದ್ದರೆ 4 ಅಡಿ ಎತ್ತರದ ಕಿಟಕಿಯಲ್ಲಿ ಮೇಲಿನ ಎರಡೂವರೆ ಅಡಿಗೆ ನೆರಳು ಬೀಳುತ್ತದೆ. ಕೆಳಗಿಂದ ಒಳಗೆ ಬರುವ ಅಷ್ಟಿಷ್ಟು ಬಿಸಿಲು ಚಳಿಗಾಲದಲ್ಲಿ ಬೇಕಾದದ್ದೇ.

ಪಶ್ಚಿಮದ್ದು ಹಾಗಲ್ಲ. ಮಾರ್ಚ್ ತಿಂಗಳಲ್ಲಿ ಸಂಜೆ ನಾಲ್ಕೂವರೆಗೆ ಸೂರ್ಯ ಸುಮಾರು 30 ಡಿಗ್ರಿಗೆ ಇಳಿದಿರುತ್ತಾನೆ. ಬಿಸಿಲು ಸಜ್ಜೆಯ ಕೆಳಗೆ ನುಸುಳಿ ಅಡ್ಡಡ್ಡ ಬರುತ್ತದೆ. ಕಿಟಕಿಯ ಮೇಲಂಚು ನೆಲದಿಂದ 7 ಅಡಿ ಇದೆ ಎಂದಿಟ್ಟುಕೊಳ್ಳಿ. ಸಜ್ಜೆ ತಡೆಯದಿದ್ದರೆ ಆ ಬಿಸಿಲು 12 ಅಡಿ ದೂರಕ್ಕೆ ಹೋಗುತ್ತದೆ. ನಿಮ್ಮ ಕೋಣೆ ಇರುವುದೇ 11 ಅಡಿ. ಸಜ್ಜೆ ಇದ್ದರೂ ಒಂದಿಷ್ಟು ಮೇಲಿನ ಅಂಚು ಕಡಿಮೆಯಾದೀತು, ಅಷ್ಟೇ. ಪಶ್ಚಿಮದ ಕಿಟಕಿಗೆ ಸಜ್ಜೆಗಿಂತ ಅಡ್ಡ ಪರದೆಯೇ ಕೆಲಸ ಮಾಡುವುದು.

ಹಾಗಂತ ಪಶ್ಚಿಮದ ಕಿಟಕಿಯನ್ನು ಬೈಯಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಂಗಳೂರಿನ ಗಾಳಿ ಪಶ್ಚಿಮ, ನೈಋತ್ಯದ ಕಡೆಯಿಂದ ಬೀಸುತ್ತದೆ. ನಿಮ್ಮ ಎರಡೂ ಕಿಟಕಿಗಳು ಅದೇ ಮೂಲೆಯ ಆಚೀಚೆ ಇವೆ. ಬಾಗಿಲು ಅದರ ಎದುರು ಮೂಲೆಯಲ್ಲಿ, ಈಶಾನ್ಯಕ್ಕೆ. ಗಾಳಿ ಒಳಗೆ ಬರಲು ಕಿಟಕಿ ಇದ್ದರೆ ಸಾಲದು, ಹೋಗಲು ದಾರಿಯೂ ಬೇಕು. ನಿಮ್ಮ ಕೋಣೆಯಲ್ಲಿ ಕಿಟಕಿಯಿಂದ ಬಂದ ಗಾಳಿ ಮೂಲೆಯಿಂದ ಮೂಲೆಗೆ ಕೋಣೆಯನ್ನು ಸೀಳಿಕೊಂಡು ಬಾಗಿಲಿನಿಂದ ಹೊರಡುತ್ತದೆ. ಇಂಥ ಕೋಣೆ ಸಿಗುವುದು ಅದೃಷ್ಟ. ಈಗ ಆ ದಾರಿಗೆ ನೀವು ಒಂದು ಕಡೆ ಬೀರು, ಇನ್ನೊಂದು ಕಡೆ ಹೆಡ್‌ಬೋರ್ಡ್ ನಿಲ್ಲಿಸಿದ್ದೀರಿ. ನವೆಂಬರ್ ಮೇಲೆ ಗಾಳಿ ಪೂರ್ವದ ಕಡೆಯಿಂದ ಬೀಸುತ್ತದೆ. ಆಗ ಇದೇ ದಾರಿ ಉಲ್ಟಾ. ಬಾಗಿಲು ಸ್ವಲ್ಪ ತೆರೆದಿದ್ದರೆ ಕಿಟಕಿಗಳಿಂದ ಗಾಳಿ ಹೊರಗೆ ಹೋಗುತ್ತದೆ.

ಫೋಟೋದಲ್ಲಿ ಕಿಟಕಿ ಕೆಳಗೆ ಮಂಚ ಚೆನ್ನಾಗಿಯೇ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಅಂಥ ಫೋಟೋಗಳಲ್ಲಿ ಬಹಳಷ್ಟು ಚಳಿ ಊರುಗಳವು. ಅಲ್ಲಿಯವರು ಬಿಸಿಲಿಗೆ ಹಂಬಲಿಸುತ್ತಾರೆ. ಆ ಕಿಟಕಿಗೆ ಗ್ರಿಲ್ ಇರುವುದಿಲ್ಲ, ಸೊಳ್ಳೆ ಜಾಲರಿ ಇರುವುದಿಲ್ಲ, ಸಂಜೆ ಐದೂವರೆಗೆ ಓಡಿ ಹೋಗಿ ಮುಚ್ಚುವ ಅವಸರವೂ ಇಲ್ಲ. ನಮಗೆ ದಿನಕ್ಕೆ ಎರಡು ಸಲವಾದರೂ ಕಿಟಕಿಯ ಹತ್ತಿರ ಹೋಗುವ ಕೆಲಸ ಇದ್ದೇ ಇರುತ್ತದೆ.

ಸರಿ, ನಿಮ್ಮ ಕೋಣೆಗೆ ಬರೋಣ. ನಾನಾದರೆ ಹೀಗೆ ಇಡುತ್ತೇನೆ.

ಮಂಚದ ತಲೆ ಪೂರ್ವದ ಗೋಡೆಗೆ. ಆ ಗೋಡೆ 12 ಅಡಿ. ಬಾಗಿಲು ಮತ್ತು ಅದರ ಪಕ್ಕದ ತುಂಡು ಗೋಡೆಗೆ ಮೂರೂವರೆ ಅಡಿ ಹೋದರೆ ಎಂಟೂವರೆ ಅಡಿ ಖಾಲಿ ಗೋಡೆ ಸಿಗುತ್ತದೆ. ಕ್ವೀನ್ ಹಾಸಿಗೆ 5 ಅಡಿ ಅಗಲ, ಆರೂವರೆ ಅಡಿ ಉದ್ದ. ಮಂಚದ ಚೌಕಟ್ಟು ಸೇರಿಸಿದರೆ 5 ಅಡಿ 4 ಇಂಚು, 6 ಅಡಿ 10 ಇಂಚು ಎಂದಿಟ್ಟುಕೊಳ್ಳೋಣ. ನಿಮ್ಮದನ್ನು ಅಳೆದು ನೋಡಿ, ಎರಡು-ಮೂರು ಇಂಚು ಹೆಚ್ಚುಕಮ್ಮಿ ಇರುತ್ತದೆ. ದಕ್ಷಿಣದ ಗೋಡೆಗೂ ಮಂಚಕ್ಕೂ ನಡುವೆ 2 ಅಡಿ 3 ಇಂಚು ಬಿಡಿ. ಮಂಚದ ಇನ್ನೊಂದು ಪಕ್ಕದಿಂದ ಬಾಗಿಲ ಚೌಕಟ್ಟಿಗೆ ಹನ್ನೊಂದು ಇಂಚು ಉಳಿಯುತ್ತದೆ. ಕಾಲಿನ ಕಡೆ, ಅಂದರೆ ಪಶ್ಚಿಮದ ಕಿಟಕಿಯವರೆಗೆ, 4 ಅಡಿ 2 ಇಂಚು ಜಾಗ.

ಆ ನಾಲ್ಕು ಅಡಿ ನಿಮಗೆ ಎರಡು ರೀತಿ ಬೇಕು. ಕಿಟಕಿಗೆ ಹೋಗಲು ಒಂದು. ಇನ್ನೊಂದು, ಬಾಕ್ಸ್ ಮಂಚದ ಹಲಗೆ ಎತ್ತಲು. ಹೈಡ್ರಾಲಿಕ್ ಇದ್ದರೆ ಅದು ಸಾಮಾನ್ಯವಾಗಿ ಕಾಲಿನ ಕಡೆಯಿಂದ ಮೇಲೇಳುತ್ತದೆ. ಅಲ್ಲಿ ನಿಂತು ಬಗ್ಗಿ ಕಂಬಳಿ ತೆಗೆಯಲು ಎರಡೂವರೆ ಅಡಿಯಾದರೂ ಬೇಕು. ಎಷ್ಟೋ ಮನೆಗಳಲ್ಲಿ ಮಂಚದ ಕಾಲು ಗೋಡೆಗೆ ಹತ್ತಿಕೊಂಡು, ಒಳಗಿನ ಸಾಮಾನು ವರ್ಷಗಟ್ಟಲೆ ಹೊರಗೆ ಬಂದೇ ಇರುವುದಿಲ್ಲ.

ಹೀಗೆ ಇಟ್ಟಾಗ ತಲೆ ತಣ್ಣಗಿನ ಗೋಡೆಗೆ ಬರುತ್ತದೆ. ಎರಡೂ ಕಿಟಕಿಯ ಗಾಳಿ ಬಾಗಿಲಿಗೆ ಹೋಗುವಾಗ ಮಂಚದ ಮೇಲೇ ಹಾದು ಹೋಗುತ್ತದೆ. ಮಳೆಯ ಎರಚಲು ಹಾಸಿಗೆಯವರೆಗೆ ಬರುವುದಿಲ್ಲ. ಇನ್ನೊಂದು ಸಣ್ಣ ಲಾಭ: ತಲೆ ಬಾಗಿಲಿನ ಗೋಡೆಗೇ ಇರುವುದರಿಂದ, ಬಾಗಿಲು ತೆರೆದಿದ್ದರೂ ಹಾಲ್‌ನಲ್ಲಿ ಕೂತವರಿಗೆ ಮಲಗಿದವರ ಮುಖ ಕಾಣುವುದಿಲ್ಲ. ನೆಂಟರು ತುಂಬಿದ ಮನೆಯಲ್ಲಿ ಇದು ಸಣ್ಣ ಲಾಭವೂ ಅಲ್ಲ ಬಿಡಿ.

ಈಗ ನಿಮ್ಮ ಅತ್ತೆಯವರ ಮಾತು. ಉತ್ತರಕ್ಕೆ ತಲೆ ಹಾಕಬಾರದು ಎಂದು ನಮ್ಮಲ್ಲಿ ಎಲ್ಲರ ಮನೆಯಲ್ಲೂ ಹೇಳುತ್ತಾರೆ. ಗಣಪತಿಗೆ ಆನೆಯ ತಲೆ ಬಂದ ಕಥೆಯನ್ನು ಅದಕ್ಕೇ ಜೋಡಿಸಿ ಹೇಳುವ ಅಜ್ಜಿಯರಿದ್ದಾರೆ. ಉತ್ತರಕ್ಕೆ ತಲೆ ಹಾಕಿ ಮಲಗಿದ್ದ ಆನೆಯೇ ಸಿಕ್ಕಿದ್ದು ಎಂದು. ಆದರೆ ಅದೇ ಹಿರಿಯರು ದಕ್ಷಿಣದ ಜೊತೆಗೆ ಪೂರ್ವವನ್ನೂ ಒಪ್ಪುತ್ತಾರೆ. ಪೂರ್ವಕ್ಕೆ ತಲೆ ಎಂದು ಹೇಳಿ ನೋಡಿ, ಅತ್ತೆ ಬೇಡ ಅನ್ನಲಾರರು. ನಾನು ವಾಸ್ತು ನೋಡಿ ಕೋಣೆ ಜೋಡಿಸುವವನಲ್ಲ. ಆದರೆ ಮನೆಯ ಹಿರಿಯರಿಗೆ ಮನಸ್ಸಿಗೆ ಕಸಿವಿಸಿಯಾಗುವ ಹಾಗೆ ಮಂಚ ಹಾಕಿ, ಆ ಜಗಳವನ್ನು ದಿನಾ ಕೇಳುತ್ತ ಮಲಗುವುದರಲ್ಲಿ ಯಾವ ಡಿಸೈನೂ ಇಲ್ಲ.

ದಕ್ಷಿಣಕ್ಕೇ ಆಗಬೇಕು ಎಂದು ಪಟ್ಟು ಹಿಡಿದರೆ ಅದಕ್ಕೂ ದಾರಿ ಇದೆ. ದಕ್ಷಿಣದ ಕಿಟಕಿ ಮುಗಿದ ಮೇಲೆ ಆ ಗೋಡೆಯಲ್ಲಿ ಐದೂವರೆ ಅಡಿ ಉಳಿಯುತ್ತದೆ. 5 ಅಡಿ 4 ಇಂಚಿನ ಮಂಚ ಅಲ್ಲಿ ಕಷ್ಟಪಟ್ಟು ಕೂರುತ್ತದೆ. ನೆಲದ ಜಾಗವೂ ಜಾಸ್ತಿ ಉಳಿಯುತ್ತದೆ. ಆದರೆ ಮಂಚದ ಒಂದು ಪಕ್ಕ ಪೂರ್ವದ ಗೋಡೆಗೆ ಅಂಟಿಕೊಳ್ಳುತ್ತದೆ. ಗೋಡೆ ಪಕ್ಕ ಮಲಗಿದವರು ರಾತ್ರಿ ಎದ್ದರೆ ಮಗನನ್ನೂ ನಿಮ್ಮನ್ನೂ ದಾಟಬೇಕು. ಆ ಮೂಲೆಯಲ್ಲಿ ಬೆಡ್‌ಶೀಟ್ ಸಿಕ್ಕಿಸುವುದು ಎಷ್ಟು ಕಿರಿಕಿರಿ ಎಂದು ಮಾಡಿದವರಿಗೇ ಗೊತ್ತು. ನನ್ನ ಓಟು ಪೂರ್ವಕ್ಕೆ.

ಈಗ ಬೀರು. ಕೋಣೆ ಜೋಡಿಸುವವರು ಮಂಚಕ್ಕೆ ಜಾಗ ಹುಡುಕಿ, ಉಳಿದ ಕಡೆ ಬೀರು ನೂಕುತ್ತಾರೆ. ನಾನು ಉಲ್ಟಾ ಮಾಡುತ್ತೇನೆ. ಮಂಚ ಎರಡು ಅಡಿ ಎತ್ತರ, ಅದರ ಮೇಲಿಂದ ಗಾಳಿ-ಬೆಳಕು ಹೋಗುತ್ತದೆ. ಬೀರು 7 ಅಡಿಯ ಗೋಡೆ. ಅದು ತಪ್ಪು ಜಾಗದಲ್ಲಿ ನಿಂತರೆ ಬೇರೆ ಎಲ್ಲ ಸರಿ ಇದ್ದೂ ಕೋಣೆ ಕತ್ತಲು. ಕಿಟಕಿಗೆ ಅರ್ಧ ಅಡ್ಡ ಬಂದರೂ ಪರವಾಗಿಲ್ಲವಾ ಎಂದು ಕೆಲವರು ಕೇಳುತ್ತಾರೆ. ಪರವಾಗಿದೆ! ಇಂದಿನ ಸ್ಲೈಡಿಂಗ್ ಕಿಟಕಿಯಲ್ಲಿ ಎರಡು ಗಾಜಿನ ಬಾಗಿಲಿದ್ದರೆ ಒಂದು ಇನ್ನೊಂದರ ಹಿಂದೆ ಹೋಗುತ್ತದೆ. 4 ಅಡಿ ಕಿಟಕಿ ಎಂದರೂ ತೆರೆಯುವುದು 2 ಅಡಿಯೇ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬೀರಿಗೆ ಹೋದರೆ ಗಾಳಿಗೆ ಎಷ್ಟು ಉಳಿಯಿತು, ನೀವೇ ಲೆಕ್ಕ ಹಾಕಿ. ರಾಷ್ಟ್ರೀಯ ಕಟ್ಟಡ ಸಂಹಿತೆ ಸೆಕೆ-ತೇವದ ಊರುಗಳಲ್ಲಿ ಕೋಣೆಯ ನೆಲದ ಆರನೇ ಒಂದು ಭಾಗದಷ್ಟಾದರೂ ಕಿಟಕಿ ಇರಲಿ ಎನ್ನುತ್ತದೆ. ನಿಮ್ಮದು 132 ಚದರ ಅಡಿ ಕೋಣೆ, ಆರನೇ ಒಂದು ಅಂದರೆ 22 ಚದರ ಅಡಿ. ಕಿಟಕಿ 4 ಅಡಿ ಎತ್ತರ ಎಂದು ಹಿಡಿದರೆ ನಿಮಗೆ 36 ಇದೆ. ಕಟ್ಟಿದವರು ಧಾರಾಳವಾಗಿಯೇ ಕೊಟ್ಟಿದ್ದಾರೆ.

ಬೀರಿನ ಜಾಗ ಉತ್ತರದ ಗೋಡೆ. ಬಾತ್‌ರೂಮಿನ ಬಾಗಿಲಿಗೆ 3 ಅಡಿ ಹೋದರೆ 8 ಅಡಿ ಇದೆ. 6 ಅಡಿಯ ಬೀರನ್ನು ಪಶ್ಚಿಮದ ಮೂಲೆಯ ಕಡೆಗೆ ಸರಿಸಿ ಇಡಿ. ಬೀರಿನ ಆಳ 2 ಅಡಿ. ಪಶ್ಚಿಮದ ಕಿಟಕಿ ಆ ಮೂಲೆಯಿಂದ ಮೂರೂವರೆ ಅಡಿಗೆ ಶುರುವಾಗುತ್ತದೆ. ಹಾಗಾಗಿ ಬೀರಿಗೂ ಕಿಟಕಿಗೂ ನಡುವೆ ಒಂದೂವರೆ ಅಡಿ ಗೋಡೆ ಉಳಿಯುತ್ತದೆ. ಕರ್ಟನ್ ಸರಿದು ನಿಲ್ಲಲು ಅಷ್ಟು ಸಾಕು. ಬೀರಿಗೂ ಮಂಚಕ್ಕೂ ನಡುವೆ 2 ಅಡಿ 5 ಇಂಚು. ನಿಮ್ಮ ಬೀರಿನ ಒಂದೊಂದು ಬಾಗಿಲು ಒಂದೂವರೆ ಅಡಿ ಇರಬೇಕು, ಆರಾಮಾಗಿ ತೆರೆಯುತ್ತದೆ. ಮಂಚಕ್ಕೆ ಪೂರ್ತಿ ಎದುರಾಗುವುದು ತುದಿಯ ಒಂದು ಬಾಗಿಲು ಮಾತ್ರ. ಅದರಲ್ಲಿ ಅಪರೂಪಕ್ಕೆ ಬೇಕಾಗುವ ಬಟ್ಟೆ ಇಡಿ.

ಒಂದೇ ಎಚ್ಚರಿಕೆ. ಉತ್ತರದ ಗೋಡೆಯ ಆಚೆ ಬಾತ್‌ರೂಮು. ಬೀರಿನ ಒಂದು ಪಕ್ಕ ಮಳೆ ಹೊಡೆಯುವ ಪಶ್ಚಿಮದ ಗೋಡೆ. ಎರಡಕ್ಕೂ ಬೀರು ತಾಗದ ಹಾಗೆ ಎರಡು-ಮೂರು ಇಂಚು ಬಿಡಲೇಬೇಕು. ಇದನ್ನು ಕಲಿತದ್ದು ನನ್ನದೇ ಮನೆಯ ನಷ್ಟದಿಂದ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ, ಆಗಷ್ಟೇ ಈ ಕೆಲಸಕ್ಕೆ ಸೇರಿದ್ದ ನಾನು ದೊಡ್ಡ ಜಾಣನ ಹಾಗೆ ಅಮ್ಮನ ಮರದ ಬೀರನ್ನು ಪಶ್ಚಿಮದ ಗೋಡೆಗೆ ಒತ್ತಿ ನಿಲ್ಲಿಸಿದೆ. ಬಿಸಿಲು ಹೊಡೆಯುವ ಗೋಡೆಗೆ ಬೀರು ಅಡ್ಡ ಇಟ್ಟರೆ ಕೋಣೆ ತಂಪು ಎಂಬುದು ನನ್ನ ಲೆಕ್ಕ. ಲೆಕ್ಕ ಸರಿಯೇ ಇತ್ತು, ಬೇಸಿಗೆಗೆ. ಆಷಾಢ ಕಳೆದು ಶ್ರಾವಣಕ್ಕೆ ಅಮ್ಮ ಬೀರು ತೆಗೆದರೆ ಗಪ್ಪೆಂದು ಮುಗ್ಗುಲು ವಾಸನೆ. ಕೆಳಗಿನ ಅರೆಯ ರೇಷ್ಮೆ ಸೀರೆಯ ಮಡಿಕೆ ಮಡಿಕೆಯಲ್ಲಿ ಬಿಳಿ ಬೂಷ್ಟು. ಬೀರಿನ ಬೆನ್ನಿನ ಪ್ಲೈವುಡ್ ಬೆರಳಲ್ಲಿ ಒತ್ತಿದರೆ ಬ್ರೆಡ್ಡಿನ ಹಾಗೆ ಒಳಗೆ ಹೋಗುತ್ತಿತ್ತು. ಅಮ್ಮ ಏನೂ ಅನ್ನಲಿಲ್ಲ. ಒಂದೊಂದೇ ಸೀರೆ ಬಿಡಿಸಿ ಒಲೆಯ ಮೇಲಿನ ಅಟ್ಟದ ಹತ್ತಿರ ಹರವಿದಳು. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು.

ಆದ್ದರಿಂದ ಬೀರು ಸರಿಸುವ ಮೊದಲು ನಿಮ್ಮ ಉತ್ತರದ ಗೋಡೆಯ ಬುಡ ನೋಡಿ. ಪೇಂಟ್ ಉಬ್ಬಿದೆಯಾ, ಉದುರುತ್ತಿದೆಯಾ? ಇದ್ದರೆ ಬಾತ್‌ರೂಮಿನ ನೀರು ಈ ಕಡೆ ಬರುತ್ತಿದೆ ಎಂದು ಅರ್ಥ. ಮೊದಲು ಮನೆ ಓನರಿಗೆ ಹೇಳಿ ಅದನ್ನು ಸರಿ ಮಾಡಿಸಿ. ಕರಾವಳಿ, ಮಲೆನಾಡಿನ ಓದುಗರು ಮೂರು ಇಂಚನ್ನು ನಾಲ್ಕು ಮಾಡಿಕೊಳ್ಳಿ, ತಪ್ಪಿಲ್ಲ. ಕಲಬುರಗಿ, ರಾಯಚೂರಿನ ಕಡೆಯವರಿಗೆ ಮಾತ್ರ ನನ್ನ ಹಳೆಯ ಲೆಕ್ಕ ಈಗಲೂ ಸರಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ, ಮಳೆ ಕಡಿಮೆ ಇರುವ ಆ ಊರುಗಳಲ್ಲಿ ಪಶ್ಚಿಮದ ಗೋಡೆಗೆ ಬಟ್ಟೆ ತುಂಬಿದ ಬೀರು ಒಳ್ಳೆಯ ತಡೆ. ಕಿಟಕಿ ಬಿಟ್ಟು ಇಡಬೇಕು, ಅಷ್ಟೇ.

ಟೇಬಲ್ಲನ್ನು ನೈಋತ್ಯದ ಮೂಲೆಗೆ, ಪಶ್ಚಿಮದ ಗೋಡೆಗೆ ಹೊಂದಿಸಿ. ಕೂತಾಗ ದಕ್ಷಿಣದ ಕಿಟಕಿ ನಿಮ್ಮ ಎಡಕ್ಕೆ ಬರುತ್ತದೆ. ಬಲಗೈಯಲ್ಲಿ ಬರೆಯುವವರಿಗೆ ಬೆಳಕು ಎಡದಿಂದ ಬಂದರೆ ಕೈಯ ನೆರಳು ಅಕ್ಷರದ ಮೇಲೆ ಬೀಳುವುದಿಲ್ಲ. ಎಡಗೈಯವರಾದರೆ ಉಲ್ಟಾ. ಲ್ಯಾಪ್‌ಟಾಪಿನ ಬೆನ್ನ ಹಿಂದೆ ಕಿಟಕಿ ಇದ್ದರೂ ಕಣ್ಣಿಗೆ ಕಷ್ಟ, ನಿಮ್ಮ ಬೆನ್ನ ಹಿಂದೆ ಇದ್ದರೂ ಸ್ಕ್ರೀನಿನಲ್ಲಿ ಕಿಟಕಿಯೇ ಕಾಣುತ್ತದೆ. ಪಕ್ಕದಲ್ಲಿದ್ದರೆ ಒಳ್ಳೆಯದು. ಟೇಬಲ್ಲು ಎರಡೂ ಕಿಟಕಿಯ ಕೆಳಗೆ ಅರ್ಧರ್ಧ ಅಡಿ ಚಾಚಿಕೊಳ್ಳುತ್ತದೆ. ಚಿಂತೆಯಿಲ್ಲ. ಟೇಬಲ್ಲು ಎರಡೂವರೆ ಅಡಿ ಎತ್ತರ, ಕಿಟಕಿ ಕಟ್ಟೆ ಸಾಮಾನ್ಯವಾಗಿ 3 ಅಡಿ. ಕುರ್ಚಿಗೆ ಜಾಗ ಸ್ವಲ್ಪ ಬಿಗಿ. ಕೈ ಇರುವ ದೊಡ್ಡ ಆಫೀಸ್ ಕುರ್ಚಿ ಇದ್ದರೆ ಒದ್ದಾಡುತ್ತದೆ, ಕೈ ಇಲ್ಲದ್ದು ಸಾಕು. ಕೆಲಸ ಮುಗಿದ ಮೇಲೆ ಕುರ್ಚಿಯನ್ನು ಟೇಬಲ್ಲಿನ ಒಳಗೆ ಪೂರ್ತಿ ತಳ್ಳಿ. ಮಗ ಕುರ್ಚಿ ಹತ್ತಿ, ಟೇಬಲ್ಲು ಹತ್ತಿ, ಕಿಟಕಿಗೆ ಹೋಗುವ ಹೊಸ ದಾರಿ ಕಂಡುಹಿಡಿಯಬಾರದಲ್ವಾ?

ಮಗನ ವಿಷಯ ತಮಾಷೆಯಲ್ಲ, ನೀವು ಬರೆದದ್ದರಲ್ಲಿ ನನಗೆ ಭಯ ಹುಟ್ಟಿಸಿದ್ದು ಅದೊಂದೇ. ಮೂರನೇ ಮಹಡಿ. ಗ್ರಿಲ್ ಗಟ್ಟಿಯಾಗಿದೆಯಾ, ಸ್ಕ್ರೂ ಸಡಿಲಾಗಿದೆಯಾ ಎಂದು ಈ ವಾರವೇ ಅಲ್ಲಾಡಿಸಿ ನೋಡಿ. ಸೊಳ್ಳೆ ಜಾಲರಿಯ ಬಾಗಿಲನ್ನು ತಡೆ ಎಂದು ನಂಬಬೇಡಿ. ಅದು ಸೊಳ್ಳೆಗೆ ಮಾತ್ರ, ಮಗು ಒರಗಿದರೆ ಕಳಚಿ ಬರುತ್ತದೆ. ಮುಂದೆ ಬ್ಲೈಂಡ್ಸ್ ಹಾಕಿಸುವ ಯೋಚನೆ ಇದ್ದರೆ ಉದ್ದ ನೇತಾಡುವ ದಾರ ಇರುವುದು ಬೇಡ. ಮಕ್ಕಳ ಕುತ್ತಿಗೆಗೆ ಸುತ್ತಿಕೊಳ್ಳುವ ಅಪಾಯ ಇದೆ.

ಕನ್ನಡಿ ದಕ್ಷಿಣದ ಗೋಡೆಯಲ್ಲಿ, ಕಿಟಕಿಯ ಪಕ್ಕಕ್ಕೇ, ಗೋಡೆಗೆ ತೂಗುಹಾಕಿ. ಎದುರು ನಿಂತವರ ಮುಖಕ್ಕೆ ಕಿಟಕಿಯ ಬೆಳಕು ಬೀಳುತ್ತದೆ. ಕಿಟಕಿಗೆ ಬೆನ್ನು ಹಾಕಿ ನೋಡಿಕೊಳ್ಳುವ ಕನ್ನಡಿಯಲ್ಲಿ ಮುಖ ಕಪ್ಪಗೆ ಕಾಣುತ್ತದೆ, ಕುಂಕುಮ ಸೊಟ್ಟಗಾಗುತ್ತದೆ. ಮಲಗಿದವರು ಕನ್ನಡಿಯಲ್ಲಿ ಕಾಣಬಾರದು ಎಂದು ಅತ್ತೆ ಹೇಳಿದರೆ ರಾತ್ರಿ ಮೇಲೊಂದು ಬಟ್ಟೆ ಇಳಿಬಿಡಿ.

ಪಶ್ಚಿಮದ ಕಿಟಕಿಗೆ ದಪ್ಪ ಕರ್ಟನ್ ಬೇಕೇ ಬೇಕು. ಮಧ್ಯಾಹ್ನ ಎರಡೂವರೆಗೆ ಎಳೆಯಿರಿ, ಸೂರ್ಯ ಮುಳುಗಿದ ಮೇಲೆ ತೆಗೆಯಿರಿ. ಗಾಜಿನ ಒಳಗೆ ಒಮ್ಮೆ ಬಂದ ಬಿಸಿಲು ಕರ್ಟನ್ನನ್ನೂ ಕಾಯಿಸಿ ಕೋಣೆಯಲ್ಲೇ ಉಳಿಯುತ್ತದೆ. ಅದಕ್ಕೇ ಗಾಜಿನ ಹೊರಗೆ ಬಿದಿರಿನ ತಟ್ಟಿಯೋ ಲಾವಂಚದ ತಟ್ಟಿಯೋ ಕಟ್ಟಿದರೆ ಒಳಗಿನ ಯಾವ ಕರ್ಟನ್ನಿಗಿಂತಲೂ ಚೆನ್ನಾಗಿ ಕೆಲಸ ಮಾಡುತ್ತದೆ. ಅಪಾರ್ಟ್‌ಮೆಂಟಿನವರು ಹೊರಗೆ ಕಟ್ಟಲು ಬಿಡುತ್ತಾರಾ ಕೇಳಿ. ಕರ್ಟನ್ ರಾಡನ್ನು ಕಿಟಕಿಗಿಂತ ಆಚೀಚೆ 8 ಇಂಚಾದರೂ ಉದ್ದ ಹಾಕಿಸಿ. ಆಗ ಸರಿಸಿದ ಬಟ್ಟೆ ಗೋಡೆಯ ಮೇಲೆ ನಿಲ್ಲುತ್ತದೆ, ಗಾಜಿನ ಮೇಲಲ್ಲ. ಉದ್ದ ಮಾತ್ರ ನೆಲದವರೆಗೆ ಬೇಡ. ಕಟ್ಟೆಯಿಂದ ನಾಲ್ಕು ಇಂಚು ಕೆಳಗೆ ಬಂದರೆ ಸಾಕು. ಟೇಬಲ್ಲಿಗೆ ಸಿಕ್ಕುವುದಿಲ್ಲ, ಮಳೆಯಲ್ಲಿ ನೆನೆದು ನೆಲ ಒರೆಸುವುದೂ ಇಲ್ಲ.

ನೀರಿನ ಮಾತು ಬಂತು, ಇನ್ನೊಂದು ನೋಡಿ. ದಿಂಬು ನೆನೆದದ್ದು ಕಿಟಕಿ ತೆರೆದಿದ್ದಾಗ ಮಾತ್ರವಾ, ಮುಚ್ಚಿದ್ದಾಗಲೂ ನೀರು ಬಂದಿದೆಯಾ? ಸ್ಲೈಡಿಂಗ್ ಕಿಟಕಿಯ ಕೆಳಗಿನ ಹಳಿಯಲ್ಲಿ ಮಳೆ ನೀರು ನಿಲ್ಲುತ್ತದೆ. ಅದು ಹೊರಗೆ ಹರಿಯಲಿ ಎಂದು ಚೌಕಟ್ಟಿನ ಹೊರಮೈಯಲ್ಲಿ ಸಣ್ಣ ಸೀಳುಗಳಿರುತ್ತವೆ. ಪಕ್ಕದಲ್ಲಿ ಕಟ್ಟಡದ ಕೆಲಸ ನಡೆಯುತ್ತಿದ್ದರೆ ಒಂದೇ ಬೇಸಿಗೆಯಲ್ಲಿ ಸಿಮೆಂಟ್ ಧೂಳು ಕೂತು ಅವು ಮುಚ್ಚಿಹೋಗುತ್ತವೆ. ಆಗ ಹಳಿ ತುಂಬಿದ ನೀರು ಒಳಕ್ಕೇ ಚೆಲ್ಲುತ್ತದೆ. ಹಳೇ ಟೂತ್‌ಬ್ರಶ್‌ನಲ್ಲಿ ಹಳಿ ಉಜ್ಜಿ, ಊದುಬತ್ತಿಯ ಕಡ್ಡಿಯಿಂದ ಆ ಸೀಳು ಬಿಡಿಸಿ, ಒಂದು ಚೊಂಬು ನೀರು ಹಳಿಗೆ ಸುರಿದು ನೋಡಿ. ಸರಾಗವಾಗಿ ಹೊರಗೆ ಹೋದರೆ ಸರಿ. ಮಂಚ ಕಿಟಕಿಗೆ ಅಂಟಿಕೊಂಡಿದ್ದಾಗ ಈ ಕೆಲಸ ಮಾಡಲು ಆಗುತ್ತಿರಲಿಲ್ಲ ಅಲ್ವಾ?

ಬೇರೆ ಓದುಗರಿಗೂ ಒಂದು ಮಾತು. ಕೆಲವು ಕೋಣೆಗಳಲ್ಲಿ ಕಿಟಕಿಯ ಕೆಳಗೆ ಬಿಟ್ಟರೆ ಮಂಚಕ್ಕೆ ಬೇರೆ ಜಾಗವೇ ಇರುವುದಿಲ್ಲ. ಆಗ ಹೆಡ್‌ಬೋರ್ಡ್ ಕಿಟಕಿ ಕಟ್ಟೆಗಿಂತ ಕೆಳಗೇ ಇರಲಿ, ಅಂದರೆ 3 ಅಡಿಯೊಳಗೆ. ಗೋಡೆಗೂ ಮಂಚಕ್ಕೂ ಆರು ಇಂಚು ಬಿಡಿ. ಮಂಚದ ಒಂದು ಪಕ್ಕದಿಂದ ಚಿಲಕಕ್ಕೆ ಕೈ ಎಟುಕುವ ಹಾಗೆ ಮಂಚವನ್ನು ಕಿಟಕಿಯ ನಡುವಿನಿಂದ ಸ್ವಲ್ಪ ಸರಿಸಿ. ಎರಡೂ ಕಡೆ ಸಮ ಕಾಣದಿದ್ದರೆ ಕಾಣದಿರಲಿ. ಚಿಕ್ಕ ಮಕ್ಕಳಿರುವ ಮನೆಗೆ ಇದನ್ನು ನಾನು ಹೇಳುವುದಿಲ್ಲ.

ನಿಮ್ಮ ಸಾಮಾನು ಸರಿಸುವ ಮೊದಲು ಒಂದು ಸುಲಭದ ಕೆಲಸ ಮಾಡಿ. ನೆಲಕ್ಕೆ ದೊಡ್ಡ ಚೌಕದ ಟೈಲ್ಸ್ ಇದ್ದರೆ ಅವು ಹೆಚ್ಚಾಗಿ 2 ಅಡಿಗೆ 2 ಅಡಿ ಇರುತ್ತವೆ. ನೆಲವೇ ನಿಮ್ಮ ಗ್ರಾಫ್ ಪೇಪರ್. ಟೈಲ್ಸ್ ಎಣಿಸಿಕೊಂಡು, ಚಾಕ್‌ಪೀಸಿನಲ್ಲಿ ಮಂಚದ ಅಂಚು, ಬೀರಿನ ಅಂಚು, ಬೀರಿನ ಬಾಗಿಲು ತೆರೆದಾಗ ಬರುವ ಗೆರೆ ಬರೆಯಿರಿ. ಈಗಿನ ಮಂಚ ಅಡ್ಡ ಬಂದ ಕಡೆ ಗೆರೆಯನ್ನು ಅಂದಾಜಿಗೆ ಮುಂದುವರಿಸಿ. ಆ ಗೆರೆಗಳ ನಡುವೆ ಬಕೆಟ್ ಹಿಡಿದು ಓಡಾಡಿ ನೋಡಿ. ಬಕೆಟ್ ಹಿಡಿದು ಹೋಗಲು ಆದರೆ ಮಗುವನ್ನು ಎತ್ತಿಕೊಂಡೂ ಹೋಗಬಹುದು. ಎಲ್ಲಿ ಸೊಂಟ ತಿರುಗಿಸಬೇಕಾಗುತ್ತದೋ ಅಲ್ಲಿ ಎರಡು ಇಂಚು ಸರಿಸಿ ಮತ್ತೆ ಬರೆಯಿರಿ. ಬೀರು ಖಾಲಿ ಮಾಡದೆ ಎಳೆಯಬೇಡಿ. ಖಾಲಿ ಮಾಡಿ, ಕಾಲಿನ ಕೆಳಗೆ ಹಳೇ ಕಂಬಳಿ ಸಿಕ್ಕಿಸಿ ಎಳೆದರೆ ಟೈಲ್ಸೂ ಉಳಿಯುತ್ತದೆ, ಬೀರಿನ ಕೀಲೂ ಉಳಿಯುತ್ತದೆ. ಬಾಡಿಗೆ ಮನೆಯಲ್ವಾ, ಟೈಲ್ಸಿನ ಗೀರಿಗೆ ಅಡ್ವಾನ್ಸಿನಲ್ಲಿ ಕತ್ತರಿ ಬೀಳುತ್ತದೆ.

ನೀವು ಬರೆಯದೇ ಬಿಟ್ಟದ್ದು ಒಂದೇ: ಸ್ವಿಚ್ ಬೋರ್ಡುಗಳು. ನೆಲದಿಂದ ಎರಡು ಅಡಿ ಎತ್ತರದಲ್ಲಿ, ಐದಾರು ಅಡಿ ಅಂತರದಲ್ಲಿ ಎರಡು ಸಣ್ಣ ಬೋರ್ಡ್ ಯಾವ ಗೋಡೆಯಲ್ಲಿವೆ ನೋಡಿ. ಕಟ್ಟಿದವರು ಮಂಚಕ್ಕೆ ಯೋಚಿಸಿದ ಗೋಡೆ ಅದು. ಪೂರ್ವದಲ್ಲೇ ಇದ್ದರೆ ನಿಮ್ಮ ಕೆಲಸ ಭಾನುವಾರ ಬೆಳಗ್ಗೆ ಮುಗಿಯಿತು. ಬೇರೆ ಗೋಡೆಯಲ್ಲಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಗೋಡೆಯ ಮೇಲೆ ಪಟ್ಟಿ ಹೊಡೆಸಿ ಒಂದು ಪಾಯಿಂಟ್ ಎಳೆಸಿ. ಗೋಡೆ ಕೊರೆಯುವುದು ಬೇಡ. ಹಾಸಿಗೆಯ ಅಡಿಯಲ್ಲಿ ಎಕ್ಸ್‌ಟೆನ್ಷನ್ ವೈರ್ ಎಳೆದು ಫೋನ್ ಚಾರ್ಜ್ ಮಾಡುವುದಂತೂ ಬೇಡವೇ ಬೇಡ. ಬೋರ್ಡ್ ಎಲ್ಲಿದೆ ಎಂದು ಬರೆದು ತಿಳಿಸಿ. ಫ್ಯಾನಿನ ಕೊಕ್ಕೆ ಕೋಣೆಯ ನಡುವೆಯೇ ಇದ್ದರೆ ಅದು ನಿಮ್ಮ ಕಾಲಿನ ಮೇಲಕ್ಕೆ ಬರುತ್ತದೆ. ಅದರ ಗಾಳಿ ಮುಖಕ್ಕೆ ಸಾಲದು ಅನ್ನಿಸಿದರೆ ಅದನ್ನೂ ಬರೆಯಿರಿ.